ಮೂಲೆಗೆ ಹೋದರೆ ದೊಡ್ಡದಾಗುವ ವಜ್ರ

"ಇಲ್ಲಿ ನೋಡಿ ಸಾಹೇಬ್" ಎಂದು ಆ ಕಾಕಾ ಚಿಮಟದ ತುದಿಯಲ್ಲಿ ಹಿಡಿದಿದ್ದ ವಜ್ರವನ್ನು ಕ್ಯಾಮೆರಾದ ಕೆಳಗಿನ ಗಾಜಿನ ತಟ್ಟೆಯ ನಡುವೆ ಇಟ್ಟರು. ಪರದೆಯ ಮೇಲೆ 1.80 ಎಂದು ಬಂತು, ಮಿಲಿಮೀಟರ್ ಲೆಕ್ಕದಲ್ಲಿ. ಅದೇ ಕಲ್ಲನ್ನು ಎತ್ತಿ ತಟ್ಟೆಯ ಮೂಲೆಯಲ್ಲಿಟ್ಟರು. 1.84. ಮತ್ತೆ ನಡುವೆ, 1.80. ಮತ್ತೆ ಮೂಲೆಗೆ, 1.84. ನಾಲ್ಕು ಸಲ ಹೀಗೆ ಮಾಡಿ ಚಿಮಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ಒಂದೂವರೆ ಇಂಚು ನಡೆದರೆ ಹೀರಾ ಬೆಳೆಯುತ್ತದಾ?"

ಸೂರತ್‌ನ ಕತಾರ್‌ಗಾಮ್‌ನಲ್ಲಿ ಒಂದು ವಜ್ರ ಪಾಲಿಶ್ ಮಾಡುವ ಕಾರ್ಖಾನೆಯ ಮೂರನೇ ಮಹಡಿ ಅದು. ಆ ಕ್ಯಾಮೆರಾದ ಒಳಗೆ ಕೂತು ಕೆಲಸ ಮಾಡುವ ಫರ್ಮ್‌ವೇರ್ ಬರೆದ ತಂಡದಲ್ಲಿ ನಾನಿದ್ದೇನೆ. ಅದರಲ್ಲೂ ಲೆನ್ಸ್‌ನಿಂದ ಚಿತ್ರ ಸೊಟ್ಟಗಾಗುವುದನ್ನು ಸರಿಪಡಿಸುವ ಭಾಗ ಪೂರ್ತಿ ನನ್ನ ಕೈಯದ್ದು. ಎಂ.ಟೆಕ್‌ನಲ್ಲಿ ಇದೇ ಸೂತ್ರಗಳನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು. ಕಾಕಾನ ಪ್ರಶ್ನೆಗೆ ಉತ್ತರ ಹೊಳೆಯುವುದಕ್ಕೆ ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಬಾಯಿ ಬಿಟ್ಟು ಹೇಳುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ನಾನು ಅಲ್ಲಿಗೆ ಹೋಗಿದ್ದು ಬೇರೆಯೇ ಕೆಲಸಕ್ಕೆ. ನಮ್ಮ ಕಚೇರಿ ಅಹಮದಾಬಾದ್‌ನ ಎಸ್.ಜಿ. ಹೈವೇ ಪಕ್ಕದಲ್ಲಿದೆ. ಕ್ಯಾಮೆರಾ ಜೋಡಿಸಿ ಪರೀಕ್ಷೆ ಮಾಡುವ ಘಟಕ ವಡೋದರದ ಮಕರಪುರ ಜಿಐಡಿಸಿಯಲ್ಲಿ. ಕೊಳ್ಳುವವರಲ್ಲಿ ಹೆಚ್ಚಿನವರು ಸೂರತ್‌ನವರು. ಅಹಮದಾಬಾದ್‌ನಿಂದ ವಡೋದರಕ್ಕೆ ನೂರು ಕಿಲೋಮೀಟರ್, ಅಲ್ಲಿಂದ ಸೂರತ್‌ಗೆ ಇನ್ನೂ ನೂರ ಮೂವತ್ತು. ಬೆಳಗಿನ ರೈಲು ಹತ್ತಿದರೆ ಮೂರೂ ಊರಿನ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಆ ದಿನ ಕಾರ್ಖಾನೆಯ ಮ್ಯಾನೇಜರ್ ಕರೆಸಿಕೊಂಡಿದ್ದು ಹೊಸದೊಂದು ವರದಿ ಬೇಕು ಎಂದು: ಯಾವ ಕಾರೀಗರನ ಕೈಯಲ್ಲಿ ಎಷ್ಟು ವಜ್ರ ಸವೆದುಹೋಗುತ್ತಿದೆ ಎಂಬುದು ಹೆಸರಿನ ಸಮೇತ ದಿನವೂ ಬರಬೇಕು. ಎರಡು ತಿಂಗಳಿಂದ ನಷ್ಟ ಜಾಸ್ತಿಯಾಗಿದೆ, ಐದು ಜನರ ಕೂಲಿಯಲ್ಲಿ ಹಿಡಿದಿದ್ದೇವೆ, ಆದರೂ ನಿಂತಿಲ್ಲ ಎಂದರು.

ಅಲ್ಲಿನ ವ್ಯವಸ್ಥೆ ಹೀಗೆ. ಸುತ್ತು ದುಂಡಗೆ ಮಾಡಿದ ಸಣ್ಣ ಕಲ್ಲುಗಳನ್ನು ಪ್ಯಾಕೆಟ್ ಮಾಡಿ ಕಾರೀಗರನಿಗೆ ಕೊಡುತ್ತಾರೆ. ಅವನು ಘಂಟಿಯ ಮುಂದೆ ಕೂತು, ತಿರುಗುವ ಚಕ್ರಕ್ಕೆ ಒತ್ತಿ, ಒಂದೊಂದು ಕಲ್ಲಿಗೂ 57 ಮುಖ ಮೂಡಿಸಿ ವಾಪಸ್ ಕೊಡುತ್ತಾನೆ. ಎರಡು ಮಿಲಿಮೀಟರ್ ಅಗಲವೂ ಇಲ್ಲದ ಕಲ್ಲಿನ ಮೇಲೆ 57 ಮುಖ! ಗುಜರಾತಿಯಲ್ಲಿ ಇವರನ್ನು ರತ್ನಕಲಾಕಾರ ಎನ್ನುತ್ತಾರೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೊಡುವ ಕೌಂಟರಿನಲ್ಲಿ ಒಂದು ಕ್ಯಾಮೆರಾ, ವಾಪಸ್ ತೆಗೆದುಕೊಳ್ಳುವ ಕೌಂಟರಿನಲ್ಲಿ ಇನ್ನೊಂದು. ಎರಡೂ ನಮ್ಮವೇ. ತಟ್ಟೆಯ ಮೇಲೆ ಹರಡಿದ ಕಲ್ಲುಗಳನ್ನು ಎಣಿಸಿ, ಪ್ರತಿಯೊಂದರ ವ್ಯಾಸ ಅಳೆದು, ಗಾತ್ರದ ವರ್ಗ ಹೇಳುತ್ತವೆ. ಈ ವ್ಯಾಪಾರದಲ್ಲಿ ಗಾತ್ರವನ್ನು ಜರಡಿಯ ನಂಬರಿನಲ್ಲಿ ಹೇಳುವ ರೂಢಿ. ಆರೂವರೆ ನಂಬರಿನ ಜರಡಿಯ ತೂತು ಸುಮಾರು 1.80 ಮಿಲಿಮೀಟರ್. ಅದಕ್ಕಿಂತ ಸಣ್ಣದು ಒಂದು ವರ್ಗ, ದೊಡ್ಡದು ಇನ್ನೊಂದು ವರ್ಗ, ಬೆಲೆಯೂ ಬೇರೆ. ಒಂದು ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸದಲ್ಲಿ ಒಬ್ಬ ಪ್ರಾಮಾಣಿಕ, ಇನ್ನೊಬ್ಬ ಕೈಗೆಟ್ಟವ.

ಕೊಡುವಾಗ 1.84, ವಾಪಸ್ ಬರುವಾಗ 1.80. ನಡುವೆ ಇದ್ದವನು ಕಾರೀಗರ. ಅವನು ಬೇಕಾದ್ದಕ್ಕಿಂತ ಹೆಚ್ಚು ತಿಕ್ಕಿದ್ದಾನೆ, ಅಥವಾ ಕಲ್ಲನ್ನೇ ಬದಲಾಯಿಸಿದ್ದಾನೆ. ಮ್ಯಾನೇಜರ್ ಹಾಗೆ ಅಂದುಕೊಂಡದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ತಕ್ಕಡಿಯಲ್ಲಿ ಗೊತ್ತಾಗುವುದಿಲ್ಲವೇ ಎಂದರೆ, ಮುಖ ಮೂಡಿಸುವಾಗ ತೂಕ ಹೇಗೂ ಇಳಿಯುತ್ತದೆ, ಕಲ್ಲಿಂದ ಕಲ್ಲಿಗೆ ಹೆಚ್ಚುಕಮ್ಮಿ ಇಳಿಯುತ್ತದೆ. ತೂಕವೊಂದರಿಂದಲೇ ಜಗಳ ಬಗೆಹರಿಯುವುದಿಲ್ಲ. ಆದರೂ ಆ ಕಾಕಾ ಎರಡು ತಿಂಗಳಿಂದ ಹೇಳುತ್ತಲೇ ಇದ್ದರಂತೆ: "ಕಾಂಟೋ ಖೋಟು ನ ಬೋಲೆ", ತಕ್ಕಡಿ ಸುಳ್ಳು ಹೇಳುವುದಿಲ್ಲ. ಪ್ಯಾಕೆಟ್ ಮೇಲೆ ಪ್ಯಾಕೆಟ್ ತೂಗಿದರೂ ಇಳಿಕೆ ಹಿಂದಿನಷ್ಟೇ ಇತ್ತು. ಅವರು ಅಮ್ರೇಲಿ ಜಿಲ್ಲೆಯ ಸಾವರ್‌ಕುಂಡ್ಲಾದವರು. ಆ ಊರು ಹೆಸರುವಾಸಿಯಾಗಿರುವುದೇ ತಕ್ಕಡಿ ಮಾಡುವುದಕ್ಕೆ. ಇವರು ಊರಭಿಮಾನದಿಂದ ಮಾತಾಡುತ್ತಿದ್ದಾರೆ ಎಂದು ಕೌಂಟರಿನ ಹುಡುಗರು ನಗುತ್ತಿದ್ದರಂತೆ.

ಅವರ ಚಿಮಟ ನಡುವಿನಿಂದ ಮೂಲೆಗೆ ಹೋಗಿ ಬಂದ ಮೇಲೆ ಯಾರೂ ನಗಲಿಲ್ಲ.

ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಸ್ವಲ್ಪವಾದರೂ ಸುಳ್ಳು ಹೇಳುತ್ತದೆ. ನೇರ ಗೆರೆಯನ್ನು ಅಂಚಿನಲ್ಲಿ ಬಗ್ಗಿಸುತ್ತದೆ. ಚೌಕಟ್ಟು ಪೀಪಾಯಿಯ ಹಾಗೆ ಉಬ್ಬಬಹುದು, ಇಲ್ಲವೇ ನಾಲ್ಕು ಮೂಲೆ ಹಿಡಿದು ಎಳೆದ ದಿಂಬಿನ ಹಾಗೆ ಕಾಣಬಹುದು. ನಡುವೆ ಏನೂ ಗೊತ್ತಾಗುವುದಿಲ್ಲ. ಮೂಲೆಗೆ ಹೋದಂತೆ ಏರುತ್ತದೆ. ಪುಣ್ಯಕ್ಕೆ ಈ ಸುಳ್ಳಿಗೆ ಒಂದು ಶಿಸ್ತು ಇದೆ. ನಡುವಿನಿಂದ ಇಷ್ಟು ದೂರಕ್ಕೆ ಇಷ್ಟು ಎಂದು ಅಳೆದು ಒಂದು ಕೋಷ್ಟಕ ಮಾಡಿಟ್ಟುಕೊಂಡರೆ, ಕ್ಯಾಮೆರಾದ ಒಳಗೇ ಪ್ರತಿ ಪಿಕ್ಸೆಲನ್ನೂ ಅದರ ಸರಿಯಾದ ಜಾಗಕ್ಕೆ ತಳ್ಳಬಹುದು. ಪೀಪಾಯಿಯಂತೆ ಉಬ್ಬಿದ್ದರೆ ಮೂಲೆಗಳನ್ನು ಹೊರಗೆ ಎಳೆಯುವುದು, ದಿಂಬಿನಂತಾಗಿದ್ದರೆ ಒಳಗೆ ದಬ್ಬುವುದು. ಅಂಚಿನ ಕತ್ತಲನ್ನು ಬೆಳಗಿಸುವುದು, ಬಣ್ಣದ ಅಂಚು ಒರೆಸುವುದು ಕೂಡ ಇದೇ ದಾರಿ. ನಿಮ್ಮ ಮೊಬೈಲ್ ಫೋನು ಪ್ರತಿ ಫೋಟೋಗೂ ನಿಮ್ಮನ್ನು ಕೇಳದೆ ಇದನ್ನೆಲ್ಲ ಮಾಡುತ್ತದೆ.

ಆಗಸ್ಟ್‌ನಲ್ಲಿ, ಮಳೆಗಾಲದ ಒಂದು ರಾತ್ರಿ ಕರೆಂಟು ಏರುಪೇರಾಗಿ ಕೊಡುವ ಕೌಂಟರಿನ ಕ್ಯಾಮೆರಾ ಸುಟ್ಟುಹೋಗಿತ್ತು. ಮಾರನೇ ದಿನವೇ ವಡೋದರದಿಂದ ಹೊಸದೊಂದನ್ನು ಕಳಿಸಿದ್ದೆವು. ಮಾಡೆಲ್ ಅದೇ, ಫರ್ಮ್‌ವೇರಿನ ಆವೃತ್ತಿ ಅದೇ. ಬದಲಾಗಿದ್ದು ಮುಂದಿನ ಲೆನ್ಸ್ ಮಾತ್ರ. ಹಳೆಯ ಲೆನ್ಸ್ ತಯಾರಕರು ಆ ಮಾಡೆಲ್ ನಿಲ್ಲಿಸಿದ್ದರು. ನಮ್ಮ ಖರೀದಿ ವಿಭಾಗ ಸರಿಸಮಾನವಾದ ಇನ್ನೊಂದನ್ನು ಹುಡುಕಿತ್ತು: ಫೋಕಲ್ ಲೆಂತ್ ಅಷ್ಟೇ, 12 ಮಿಲಿಮೀಟರ್, ತಿರುಪೂ ಹೊಂದುತ್ತದೆ, ವಿವರಪಟ್ಟಿಯಲ್ಲಿ ವಕ್ರತೆ "2%ಗಿಂತ ಕಡಿಮೆ" ಎಂದೇ ಇದೆ. ಹಳೆಯದರ ಪಟ್ಟಿಯಲ್ಲೂ ಅದೇ ಮಾತಿತ್ತು. ಅಳೆದು ನೋಡಿದರೆ ಹಳೆಯದು ಹೆಚ್ಚುಕಡಿಮೆ ಪೂರ್ತಿ ಎರಡು ಪ್ರತಿಶತ, ಹೊಸದು ಒಂದೇ ಪ್ರತಿಶತ. ಅಂದರೆ ಹೊಸ ಲೆನ್ಸ್ ಹಳೆಯದಕ್ಕಿಂತ ಚೆನ್ನಾಗಿತ್ತು. ತೊಂದರೆ ಬಂದಿದ್ದು ಅದಕ್ಕೇ.

ಅಜ್ಜನ ಕನ್ನಡಕವನ್ನು ಕಣ್ಣು ಚೆನ್ನಾಗಿರುವ ಮೊಮ್ಮಗನಿಗೆ ಹಾಕಿದ ಹಾಗೆ. ಎರಡು ಪ್ರತಿಶತ ಎಳೆಯಬೇಕು ಎಂದು ನಾನು ಬರೆದ ಕೋಷ್ಟಕ, ಒಂದೇ ಪ್ರತಿಶತ ಕುಗ್ಗಿದ್ದ ಚಿತ್ರವನ್ನೂ ಎರಡು ಪ್ರತಿಶತ ಎಳೆಯಿತು. ಮೂಲೆಯಲ್ಲಿ ಜಾಗದ ತಪ್ಪು ಒಂದೇ ಪ್ರತಿಶತ. ಆದರೆ ಅಲ್ಲಿರುವ ವಸ್ತುವಿನ ಗಾತ್ರದ ತಪ್ಪು ಅದಕ್ಕಿಂತ ದೊಡ್ಡದು, ಯಾಕೆಂದರೆ ಎಳೆತ ಹೊರಹೋದಂತೆ ಜೋರಾಗುತ್ತದೆ. ಕಲ್ಲಿನ ಹೊರ ಅಂಚು ಒಳ ಅಂಚಿಗಿಂತ ಹೆಚ್ಚು ಸರಿಯುತ್ತದೆ. ಲೆಕ್ಕ ಹಾಕಿದರೆ ನಡುವಿನಿಂದ ಹೊರಮುಖವಾಗಿ ಮೂರು ಪ್ರತಿಶತ, ಅದಕ್ಕೆ ಅಡ್ಡಲಾಗಿ ಒಂದು ಪ್ರತಿಶತ, ಸರಾಸರಿ ಎರಡು. 1.80 ಇದ್ದದ್ದು 1.84ರ ಹತ್ತಿರ. ವ್ಯಾಸದಿಂದ ತೂಕ ಅಂದಾಜು ಮಾಡುವಾಗ ವ್ಯಾಸವನ್ನು ಮೂರು ಸಲ ಗುಣಿಸುವುದರಿಂದ ಅಲ್ಲಿ ಆರು ಪ್ರತಿಶತ.

ಹೀಗೆ ಹೆಚ್ಚುಕಮ್ಮಿ ಎಳೆದಾಗ ದುಂಡಗಿನ ಕಲ್ಲು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಬೇಕಲ್ಲ? ತಿರುಗಿತ್ತು. ಹಳೆಯ ದಾಖಲೆ ತೆಗೆದು ನೋಡಿದರೆ ಎಷ್ಟೋ ಕಲ್ಲುಗಳು ಕೊಡುವಾಗ ಮೊಟ್ಟೆ, ಬರುವಾಗ ದುಂಡಗೆ. ಮುಖ ಮೂಡಿಸಲು ಹೋದ ಕಲ್ಲು ತಾನಾಗಿ ದುಂಡಗಾಗಿ ಬಂದರೆ ಅದು ಪವಾಡವೇ ಸರಿ. ಎರಡು ತಿಂಗಳು ನಮ್ಮ ಕಣ್ಣೆದುರೇ ಆ ಅಂಕಿ ಇತ್ತು. ಕೆಟ್ಟದ್ದು ಒಳ್ಳೆಯದಾಗಿ ಬಂದಿದ್ದರಿಂದ ಯಾರೂ ದೂರು ಕೊಡಲಿಲ್ಲ, ನಾವೂ ನೋಡಲಿಲ್ಲ.

ವಡೋದರದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಬೇಕಿತ್ತು. ಬೀಳಲಿಲ್ಲ. ಅಲ್ಲಿ ಎರಡು ಮಿಲಿಮೀಟರಿನ ಉಕ್ಕಿನ ಗುಂಡೊಂದನ್ನು ತಟ್ಟೆಯ ಮೇಲಿಟ್ಟು, ಕ್ಯಾಮೆರಾ 2.00 ಎಂದರೆ ಪಾಸ್ ಎನ್ನುವ ಪ್ರೋಗ್ರಾಂ ಇತ್ತು. ಗುಂಡನ್ನು ಎಲ್ಲಿಡಬೇಕು? ತಟ್ಟೆಯ ನಟ್ಟನಡುವೆ, ಗುರುತು ಹಾಕಿದ ಜಾಗದಲ್ಲಿ. ಆ ಪ್ರೋಗ್ರಾಂ ಬರೆದವನೂ ನಾನೇ. ಲೆನ್ಸ್ ಯಾವುದಾದರೂ ನಡುವೆ ಸುಳ್ಳು ಹೇಳುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನೂ ನಾನೇ.

ಫೋಟೋ ತೆಗೆಯುವ ಹವ್ಯಾಸವಿರುವ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ನಮ್ಮ ಕ್ಯಾಮೆರಾಗೆ ಎಷ್ಟು ಲೆನ್ಸ್ ಬದಲಾಯಿಸಿದರೂ ಹೀಗಾಗುವುದಿಲ್ಲವಲ್ಲ? ಆಗುವುದಿಲ್ಲ, ಯಾಕೆಂದರೆ ಆ ಲೆನ್ಸ್ ಮಾತಾಡುತ್ತದೆ. ಅದರ ಹಿಂಭಾಗದಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಚುಕ್ಕಿಗಳ ಮೂಲಕ ತಾನು ಯಾರು ಎಂದು ಕ್ಯಾಮೆರಾಗೆ ಹೇಳುತ್ತದೆ. ಕ್ಯಾಮೆರಾ ತನ್ನ ಪಟ್ಟಿಯಲ್ಲಿ ಆ ಹೆಸರಿನ ಕೋಷ್ಟಕ ಹುಡುಕುತ್ತದೆ. ಕ್ಯಾಮೆರಾಗಿಂತ ಲೆನ್ಸ್ ಹೊಸದಾಗಿದ್ದರೆ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ. ಅದಕ್ಕೇ ನಿಕಾನ್ ತನ್ನ ಡಿಎಸ್‌ಎಲ್‌ಆರ್‌ಗಳಿಗೆ ಮುಖ್ಯ ಫರ್ಮ್‌ವೇರಿನ ಜೊತೆಗೆ ಡಿಸ್ಟಾರ್ಷನ್ ಕಂಟ್ರೋಲ್ ಡೇಟಾ ಎಂಬ ಪ್ರತ್ಯೇಕ ಫೈಲನ್ನು ಹೊರತಂದು, ಹೊಸ ಲೆನ್ಸ್‌ಗಳು ಬಂದಂತೆ ಅದನ್ನು ಹಿಗ್ಗಿಸುತ್ತಾ ಹೋಯಿತು. ಕ್ಯಾನನ್ 2008ರಲ್ಲಿ ಇಒಎಸ್ 50ಡಿ ತಂದಾಗ ಅಂಚಿನ ಕತ್ತಲು ತಿದ್ದುವ ಸೌಲಭ್ಯ ಕೊಟ್ಟಿತು. ಕೆಲವು ಲೆನ್ಸ್‌ಗಳ ದತ್ತಾಂಶ ಒಳಗೇ ಇರುತ್ತಿತ್ತು, ಬೇರೆಯವನ್ನು ಕಂಪ್ಯೂಟರಿಗೆ ಜೋಡಿಸಿ ಸೇರಿಸಿಕೊಳ್ಳಬೇಕಿತ್ತು. ಅದೇ ವರ್ಷ ಬಂದ ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಿದ್ದುವ ವಿವರ ಲೆನ್ಸ್‌ನ ಒಳಗೇ ಇರುತ್ತದೆ, ಜೋಡಿಸಿದ ಕೂಡಲೇ ಕ್ಯಾಮೆರಾಗೆ ತಲುಪುತ್ತದೆ. ಇದರಿಂದ ಲೆನ್ಸ್ ವಿನ್ಯಾಸಕರಿಗೂ ಸಲೀಸಾಯಿತು. ಗಾಜಿನಿಂದ ವಕ್ರತೆ ತೆಗೆಯಲು ಒದ್ದಾಡಿ ಲೆನ್ಸನ್ನು ಭಾರ ಮಾಡುವ ಬದಲು, ಅದನ್ನು ಸಾಫ್ಟ್‌ವೇರಿಗೆ ಬಿಟ್ಟು ಸಣ್ಣದಾಗಿ ಹಗುರವಾಗಿ ಮಾಡಬಹುದು. ಪುಕ್ಕಟೆಯಲ್ಲ ಅನ್ನಿ. ಎಳೆದ ಮೂಲೆಗಳಲ್ಲಿ ಚಿತ್ರ ಸ್ವಲ್ಪ ಮಸುಕಾಗುತ್ತದೆ, ಬೆಳಗಿಸಿದ ಮೂಲೆಗಳಲ್ಲಿ ಮರಳು ಚೆಲ್ಲಿದಂಥ ಕಾಳು ಏಳುತ್ತದೆ.

ಮಾತಾಡುವ ಲೆನ್ಸ್‌ಗಳಲ್ಲೂ ಎಡವಟ್ಟು ಆಗಿಲ್ಲವೆಂದಲ್ಲ. ಕ್ಯಾನನ್ ಕ್ಯಾಮೆರಾಗೆ ಹೊಂದುವ ಲೆನ್ಸ್‌ಗಳನ್ನು ಮಾಡುತ್ತಿದ್ದ ಸಿಗ್ಮಾ ಕಂಪನಿ, ತನ್ನ ಲೆನ್ಸ್ ಹಾಕಿದಾಗ ಕ್ಯಾಮೆರಾದೊಳಗಿನ ತಿದ್ದುಪಡಿಯನ್ನು ಆಫ್ ಮಾಡಿಕೊಳ್ಳಿ ಎಂದು ಗ್ರಾಹಕರಿಗೆ ಸೂಚಿಸಬೇಕಾಗಿ ಬಂದಿತ್ತು. ತನ್ನದಲ್ಲದ ಲೆನ್ಸನ್ನು ಕ್ಯಾಮೆರಾ ತನಗೆ ತಿಳಿದಂತೆ ತಿದ್ದಿದರೆ ಚಿತ್ರ ಕೆಡುತ್ತದೆ. ಆಮೇಲೆ ಸಿಗ್ಮಾ ಲೆನ್ಸ್‌ಗಳ ಫರ್ಮ್‌ವೇರನ್ನೇ ಬದಲಾಯಿಸಿ ಅದನ್ನು ಹೊಂದಿಸಿತು. ಹಾಗಾಗಿ ಹೊಸ ಲೆನ್ಸ್ ಕೊಂಡವರು ಕ್ಯಾಮೆರಾದ ಫರ್ಮ್‌ವೇರ್ ಹೊಸದಿದೆಯೇ ಎಂದು ಒಮ್ಮೆ ನೋಡುವುದು ಲೇಸು. ಮೈಸೂರು ಅರಮನೆಯ ಮುಂಭಾಗವೋ ಬೇಲೂರಿನ ಕಂಬಗಳೋ ಬಾಗಿ ಕಂಡರೆ ಎಲ್ಲ ತಪ್ಪೂ ನಿಮ್ಮ ಕೈಯದ್ದೇ ಆಗಿರಬೇಕಿಲ್ಲ.

ನಮ್ಮ ಕಾರ್ಖಾನೆಯ ಲೆನ್ಸ್‌ಗೆ ಈ ಬಾಯಿಯೇ ಇಲ್ಲ. ತಿರುಪಿನಂತೆ ತಿರುಗಿಸಿ ಕೂರಿಸುವ ಗಾಜು ಮತ್ತು ಲೋಹ ಅಷ್ಟೇ. ಅದು ಯಾರು ಎಂದು ಕ್ಯಾಮೆರಾಗೆ ಮನುಷ್ಯರೇ ಹೇಳಬೇಕು. ನಾವು ಹೇಳಿರಲಿಲ್ಲ.

ಸೂರತ್‌ನಿಂದ ವಾಪಸ್ ಬರುವ ರೈಲಿನಲ್ಲಿ ತಿದ್ದುಪಡಿಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಹೊಸ ಕೋಷ್ಟಕ ಹಾಕಲು ಅರ್ಧ ದಿನ ಸಾಕು, ಹಾಕಿಯೂ ಆಯಿತು. ಚಿಂತೆ ಇದ್ದದ್ದು ಕಳೆದ ಏಳು ವಾರಗಳದು. ಯಾವ ಕಲ್ಲು ನಿಜವಾಗಿ ಸವೆದಿದೆ, ಯಾವುದು ನಮ್ಮ ಕೋಷ್ಟಕದ ಕಾಣಿಕೆ? ಕೋಷ್ಟಕ ಗೊತ್ತಿದ್ದರೆ ಹಿಂದಕ್ಕೆ ಲೆಕ್ಕ ಹಾಕಬಹುದು. ಅದಕ್ಕೆ ಒಂದೋ ಮೂಲ ಚಿತ್ರ ಇರಬೇಕು, ಇಲ್ಲವೇ ಕಲ್ಲು ತಟ್ಟೆಯ ಯಾವ ಜಾಗದಲ್ಲಿತ್ತು ಎಂದಾದರೂ ಗೊತ್ತಿರಬೇಕು. ಮೆಮೊರಿ ಉಳಿಸಲೆಂದು ನಾವು ಎರಡನ್ನೂ ಇಟ್ಟಿರಲಿಲ್ಲ. ತಿದ್ದಿದ ಚಿತ್ರದಿಂದ ಅಂಕಿ ತೆಗೆದ ತಕ್ಷಣ ಚಿತ್ರ ಅಳಿಸಿಹೋಗುತ್ತಿತ್ತು. ಉಳಿದದ್ದು ಅಂಕಿಗಳ ಪಟ್ಟಿ ಮಾತ್ರ.

ಮ್ಯಾನೇಜರಿಗೆ ಇದೇ ಹಿಡಿಯಾಯಿತು. "ಸ್ವಲ್ಪ ನಿಮ್ಮ ತಪ್ಪು, ಸ್ವಲ್ಪ ಅವರದ್ದು ಇರಬಹುದಲ್ಲ? ಎಷ್ಟು ಯಾರದ್ದು ಬರೆದುಕೊಡಿ" ಎಂದರು. ಬರೆದುಕೊಡಲು ನನ್ನ ಬಳಿ ಏನೂ ಇರಲಿಲ್ಲ. ಆ ಏಳು ವಾರ ಆ ಕ್ಯಾಮೆರಾ ಕೊಟ್ಟ ಯಾವ ಅಳತೆಯನ್ನೂ ಯಾರ ಕೂಲಿ ಹಿಡಿಯುವುದಕ್ಕೂ ಆಧಾರ ಮಾಡಿಕೊಳ್ಳಬಾರದು ಎಂದು ಒಂದು ಪತ್ರ ಬರೆದೆ. ನಮ್ಮ ಕಚೇರಿಯಲ್ಲಿ ಅದು ಹೊರಗೆ ಹೋಗಲು ನಾಲ್ಕು ದಿನ ಹಿಡಿಯಿತು. ಹೀಗೆ ಬರೆದುಕೊಟ್ಟರೆ ಉಳಿದ ಗ್ರಾಹಕರೂ ಕೇಳುವುದಿಲ್ಲವೇ ಎಂಬ ಮಾತು ಬಂತು. ಕೇಳಲಿ, ಹೊಸ ಲೆನ್ಸ್ ಹೋಗಿರುವ ಕ್ಯಾಮೆರಾಗಳು ಇನ್ನೂ ಹನ್ನೊಂದಿವೆ ಎಂದೆ. ಎಲ್ಲರಿಗೂ ನಾವೇ ಮೊದಲು ತಿಳಿಸುವುದು ಎಂದು ಕೊನೆಗೆ ತೀರ್ಮಾನವಾಯಿತು. ಆ ನಾಲ್ಕು ದಿನ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನವೆಂಬರ್ 1ರ ಆಸುಪಾಸಿನ ಒಂದು ಭಾನುವಾರ ಇಲ್ಲಿನ ಕೆಲವು ಕನ್ನಡ ಕುಟುಂಬಗಳು ರಾಜ್ಯೋತ್ಸವದ ಊಟಕ್ಕೆ ಸೇರಿದ್ದೆವು. ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಮುಂದೆ ಇದ್ದವರು ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್‌ನಿಂದ ನಿವೃತ್ತರಾದ ಹಿರಿಯರು. ಅಹಮದಾಬಾದ್‌ನಲ್ಲಿ ಹೊಸದಾಗಿ ಇಳಿದ ಕನ್ನಡಿಗರಿಗೆ ಹೇಳಬೇಕಾದ ವಿಷಯ ಇದು. ನಮ್ಮ ದೇಶದ ಉಪಗ್ರಹಗಳ ಕಣ್ಣು ತಯಾರಾಗುವುದು ಇದೇ ಊರಿನಲ್ಲಿ, ಜೋಧ್‌ಪುರ್ ಟೇಕ್ರಾದ ಇಸ್ರೋ ಆವರಣದಲ್ಲಿ. ಪಕ್ಕದ ಬಡಾವಣೆಗೆ ಸ್ಯಾಟಲೈಟ್ ಎಂದು ಹೆಸರು ಬಂದದ್ದೂ ಅದರಿಂದಲೇ. ಅದಮಾರಿನ ಯು.ಆರ್. ರಾವ್ ಇಲ್ಲಿನ ಭೌತಿಕ ಸಂಶೋಧನಾಲಯದಲ್ಲಿ ವಿಕ್ರಂ ಸಾರಾಭಾಯಿ ಅವರ ಬಳಿ ಪಿಎಚ್.ಡಿ. ಮಾಡಿದವರು. ಹಾಸನ ಜಿಲ್ಲೆಯ ಆಲೂರಿನಲ್ಲಿ ಹುಟ್ಟಿದ ಎ.ಎಸ್. ಕಿರಣ್ ಕುಮಾರ್ 1975ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಟೆಕ್ ಮುಗಿಸಿ ಇಲ್ಲಿಗೆ ಬಂದರು. 1979ರ ಜೂನ್ 7ರಂದು ಹಾರಿದ ಭಾಸ್ಕರ-1ರ ಟಿವಿ ಕ್ಯಾಮೆರಾದಿಂದ ಹಿಡಿದು ಮಂಗಳಯಾನದ ಬಣ್ಣದ ಕ್ಯಾಮೆರಾವರೆಗೆ ಅವರು ಕೈಯಾಡಿಸಿದ್ದಾರೆ. ಆಮೇಲೆ ಈ ಕೇಂದ್ರದ ನಿರ್ದೇಶಕರಾಗಿ, 2015ರಿಂದ 2018ರವರೆಗೆ ಇಸ್ರೋ ಅಧ್ಯಕ್ಷರೂ ಆಗಿದ್ದರು. ಬಾಹ್ಯಾಕಾಶದ ಕ್ಯಾಮೆರಾಗಳಿಗೆ ಬೇಕಾದ ದೃಗ್ವಿಜ್ಞಾನದ ಕೆಲಸ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಪೀಣ್ಯದ ಗಾಜು ಅಹಮದಾಬಾದ್‌ನ ಕ್ಯಾಮೆರಾ ಸೇರುವ ಈ ನಂಟು ನನಗೆ ಇಷ್ಟ.

ಹಿರಿಯರಿಗೆ ನನ್ನ ಕಥೆ ಹೇಳಿದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಅದೆಲ್ಲ ಸರಿ ಕಣಪ್ಪಾ, ಮೂಲ ಚಿತ್ರ ಎಲ್ಲಿಟ್ಟಿದ್ದೀಯ?"

"ಇಟ್ಟಿಲ್ಲ ಸರ್."

"ಹಂಗಾದ್ರೆ ನೀನು ಅಳೆದಿಲ್ಲ, ಹೇಳಿದೀಯ ಅಷ್ಟೆ" ಎಂದು ತಟ್ಟೆ ಹಿಡಿದು ಮುಂದೆ ಹೋದರು. ಊಟ ಆದ ಮೇಲೆ ಅವರೇ ಬಂದು ಪಕ್ಕದಲ್ಲಿ ಕೂತರು. ಉಪಗ್ರಹದ ಕ್ಯಾಮೆರಾವನ್ನು ರಿಪೇರಿಗೆ ಕೆಳಗಿಳಿಸುವಂತಿಲ್ಲ. ಪ್ರಯೋಗಾಲಯದಲ್ಲಿ ಅಳೆದ ಕೋಷ್ಟಕ ಎಷ್ಟೇ ಚೆನ್ನಾಗಿರಲಿ, ರಾಕೆಟ್‌ನ ಅಲುಗಾಟ, ನಿರ್ವಾತ, ಬಿಸಿಲು ನೆರಳಿನ ಏರಿಳಿತ ದಾಟಿ ಮೇಲೆ ಹೋದ ಮೇಲೆ ಲೆನ್ಸ್ ಹಾಗೆಯೇ ಇದೆ ಎಂದು ನಂಬುವಂತಿಲ್ಲ. ಅದಕ್ಕೇ ನೆಲದ ಮೇಲೆ ನಿಖರವಾಗಿ ಗೊತ್ತಿರುವ ಜಾಗಗಳ ಚಿತ್ರ ತೆಗೆದು ಕೋಷ್ಟಕವನ್ನು ಮತ್ತೆ ಮತ್ತೆ ತಾಳೆ ನೋಡುತ್ತಾರೆ. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ರಲ್ಲಿ ಎರಡು ಕ್ಯಾಮೆರಾ, ಒಂದು 26 ಡಿಗ್ರಿ ಮುಂದಕ್ಕೆ ವಾಲಿದ್ದು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. 618 ಕಿಲೋಮೀಟರ್ ಮೇಲಿಂದ ಎರಡೂವರೆ ಮೀಟರಿನ ವಿವರ ಹಿಡಿದು, ಒಂದೇ ಜಾಗದ ಎರಡು ನೋಟ ಹೋಲಿಸಿ ಗುಡ್ಡದ ಎತ್ತರ ಕಂಡುಹಿಡಿಯುವುದು ಅದರ ಕೆಲಸ. ಅಲ್ಲಿ ಒಂದು ಲೆನ್ಸ್‌ನ ವಕ್ರತೆ ತಪ್ಪಾಗಿ ತಿದ್ದಿದರೆ ಇಲ್ಲದ ಗುಡ್ಡ ಏಳುತ್ತದೆ, ಇರುವ ಕಣಿವೆ ಮುಚ್ಚುತ್ತದೆ. ಹಾಗಾಗಿ ಈ ಬಗೆಯ ತಿದ್ದುಪಡಿ ನೆಲದ ಮೇಲೆ. ಕೆಳಗೆ ಬಂದ ಮೂಲ ದತ್ತಾಂಶ ಹಾಗೆಯೇ ಇರುತ್ತದೆ. ನಾಳೆ ಒಳ್ಳೆಯ ಕೋಷ್ಟಕ ಸಿಕ್ಕರೆ ಹಳೆಯ ಚಿತ್ರಗಳನ್ನೂ ಮತ್ತೊಮ್ಮೆ ತಿದ್ದಬಹುದು. ಕಳಿಸುವ ಅನುಕೂಲಕ್ಕೆ ದತ್ತಾಂಶ ಕುಗ್ಗಿಸುವುದು ಅಲ್ಲೂ ಉಂಟು ಎಂದು ಅವರೇ ಒಪ್ಪಿಕೊಂಡರು. ಆದರೆ ಕುಗ್ಗಿಸುವುದು ಬೇರೆ, ತಿದ್ದಿ ಮೂಲ ಬಿಸಾಡುವುದು ಬೇರೆ ಎಂದರು.

ಆ ವಾರವೇ ಮಕರಪುರಕ್ಕೆ ಹೋದೆ. ಲೆನ್ಸ್‌ನ ವಕ್ರತೆ ಅಳೆಯಲು ಇಂದು ದೊಡ್ಡ ಯಂತ್ರವೇನೂ ಬೇಕಿಲ್ಲ. ಕಪ್ಪುಬಿಳುಪು ಚೌಕಗಳ ಚದುರಂಗದ ಹಾಸನ್ನು ಬೇರೆ ಬೇರೆ ಕೋನದಲ್ಲಿ ಹಿಡಿದು ಹತ್ತಿಪ್ಪತ್ತು ಚಿತ್ರ ತೆಗೆದರೆ ಸಾಕು, ಲೆಕ್ಕ ಸಿಗುತ್ತದೆ. ಝೆಂಗ್‌ಯು ಝಾಂಗ್ ಎಂಬ ವಿಜ್ಞಾನಿ 2000ದಲ್ಲಿ ಪ್ರಕಟಿಸಿದ ವಿಧಾನ ಅದು. ಜಗತ್ತಿನ ಅರ್ಧ ಕ್ಯಾಮೆರಾ ಎಂಜಿನಿಯರುಗಳು ಅದರಲ್ಲೇ ಊಟ ಮಾಡುತ್ತಿದ್ದೇವೆ. ಕಷ್ಟ ಇದ್ದದ್ದು ವಿಧಾನದಲ್ಲಲ್ಲ. ಮಾಡೆಲ್‌ಗೆ ಒಂದು ಕೋಷ್ಟಕ ಎಂಬುದನ್ನು ಬಿಟ್ಟು ಪ್ರತಿ ಲೆನ್ಸ್‌ಗೂ ಅದರದ್ದೇ ಕೋಷ್ಟಕ, ಅದರದ್ದೇ ನಂಬರು ಎಂದರೆ ಒಂದು ನಿಮಿಷದ ಪರೀಕ್ಷೆ ಐದು ನಿಮಿಷವಾಗುತ್ತದೆ. ಘಟಕದ ಮುಖ್ಯಸ್ಥರು ದಿನಕ್ಕೆ ಎಷ್ಟು ಕ್ಯಾಮೆರಾ ಕಡಿಮೆಯಾಗುತ್ತದೆ ಎಂದು ಬೆರಳು ಮಡಿಚಿ ತೋರಿಸಿದರು. ನಾನು 1.84ರ ಕಥೆಯನ್ನು ಇನ್ನೊಮ್ಮೆ ಹೇಳಿದೆ. ಅವರು ಬೆರಳು ಬಿಚ್ಚಲಿಲ್ಲ, ಆದರೆ ಒಪ್ಪಿದರು.

ಅಂದು ಸಂಜೆ ರೈಲು ತಡವಾಗಿತ್ತು. ಹೋಮೈ ವ್ಯಾರವಾಲಾ ಈ ವಡೋದರದಲ್ಲೇ ಕೊನೆಯ ದಿನಗಳನ್ನು ಕಳೆದರು ಎಂಬುದು ನೆನಪಾಯಿತು. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ, ಸೂರತ್ ಪಕ್ಕದ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದವರು, 2012ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ರೋಲಿಫ್ಲೆಕ್ಸ್, ಸ್ಪೀಡ್ ಗ್ರಾಫಿಕ್‌ನಂಥ ಆಕೆಯ ಕ್ಯಾಮೆರಾಗಳಲ್ಲಿ ಏನನ್ನೂ ತಿದ್ದುವ ಚಿಪ್ ಇರಲಿಲ್ಲ. ಲೆನ್ಸ್ ಎಲ್ಲಿ ಬಾಗಿಸುತ್ತದೆ ಎಂಬುದು ತೆಗೆಯುವವರ ತಲೆಯಲ್ಲಿರಬೇಕಿತ್ತು. ಅಚ್ಚು ಹೇಗೇ ಹಾಕಲಿ, ನೆಗೆಟಿವ್ ಮಾತ್ರ ಉಳಿಯುತ್ತಿತ್ತು. ಹಿರಿಯರು ಬಿಸಿಬೇಳೆಬಾತಿನ ಸಾಲಿನಲ್ಲಿ ಕೇಳಿದ್ದು ನೆಗೆಟಿವ್ ಎಲ್ಲಿ ಎಂದೇ.

ಹೊಸ ಫರ್ಮ್‌ವೇರ್ ಡಿಸೆಂಬರ್‌ನಲ್ಲಿ ಹೊರಟಿತು. ಲೆನ್ಸ್ ಬದಲಾಯಿಸಿದರೆ ಅದರ ನಂಬರು ಕೊಡುವವರೆಗೂ ಕ್ಯಾಮೆರಾ ತಟ್ಟೆಯ ಹೊರಭಾಗದ ಕಲ್ಲುಗಳಿಗೆ ಅಂಕಿ ಕೊಡುವುದಿಲ್ಲ, ಖಾಲಿ ಬಿಡುತ್ತದೆ. ತಿದ್ದುವ ಮೊದಲಿನ ಚಿತ್ರ ಮತ್ತು ಪ್ರತಿ ಕಲ್ಲಿನ ಜಾಗ ತೊಂಬತ್ತು ದಿನ ಉಳಿಯುತ್ತದೆ. ಮ್ಯಾನೇಜರಿಗೆ ಖಾಲಿ ಜಾಗ ಹಿಡಿಸಲೇ ಇಲ್ಲ. "ದುಡ್ಡು ಕೊಟ್ಟು ತಂದ ಮಷೀನು ಗೊತ್ತಿಲ್ಲ ಅಂದರೆ ಹೇಗೆ?" ಅವರು ಕೇಳಿದ್ದ, ಕಾರೀಗರನ ಹೆಸರಿನ ಸಮೇತ ಬರುವ ವರದಿಯನ್ನು ನಾನು ಮಾಡಿಕೊಡಲಿಲ್ಲ, ಬೇರೆ ಯಾರಾದರೂ ಮಾಡಿಕೊಟ್ಟಾರು.

ದೀಪಾವಳಿ ರಜೆ ಕಳೆದು ಘಂಟಿಗಳು ಮತ್ತೆ ತಿರುಗಲು ಶುರುವಾದ ಮೇಲೆ ಆ ಫರ್ಮ್‌ವೇರ್ ಹಾಕಲು ಕತಾರ್‌ಗಾಮ್‌ಗೆ ಹೋಗಿದ್ದೆ. ಕಾಕಾ ಕೌಂಟರಿನ ಹುಡುಗರಿಗೆ ಒಂದು ಪಾಠ ಕಲಿಸಿಟ್ಟಿದ್ದರು. ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಉಕ್ಕಿನ ಗುಂಡನ್ನು ನಡುವೆ ಒಮ್ಮೆ, ನಾಲ್ಕೂ ಮೂಲೆಗಳಲ್ಲಿ ಒಮ್ಮೊಮ್ಮೆ ಇಡುವುದು. ಐದೂ ಅಂಕಿ ಒಂದೇ ಬರಬೇಕು. ಇಲ್ಲದಿದ್ದರೆ ಪ್ಯಾಕೆಟ್ ಕೊಡುವ ಹಾಗಿಲ್ಲ. ನಮ್ಮ ಬಳಕೆಯ ಕೈಪಿಡಿಯಲ್ಲಿ ಈಗ ಅದು ಮೊದಲ ಪುಟದಲ್ಲಿದೆ, ಅವರ ಹೆಸರಿಲ್ಲದೆ. ಹೆಸರು ಹಾಕೋಣ ಎಂದಿದ್ದಕ್ಕೆ ಅವರೇ ಬೇಡವೆಂದರು.

ಹಿಡಿದಿದ್ದ ಕೂಲಿ ವಾಪಸ್ ಬಂತೇ ಎಂದು ಕೇಳಿದೆ. ನಾಲ್ಕು ಜನಕ್ಕೆ ದೀಪಾವಳಿಗೆ ಮುಂಚೆಯೇ ಸಂಬಳದ ಜೊತೆ ಬಂತಂತೆ. ಐದನೆಯವನು ಇಪ್ಪತ್ತೆರಡರ ಹುಡುಗ. ಕಳ್ಳ ಅನ್ನಿಸಿಕೊಂಡು ಇರಲಾರೆ ಎಂದು ಸೆಪ್ಟೆಂಬರ್‌ನಲ್ಲೇ ಬಿಟ್ಟು ಊರಿಗೆ ಹೋಗಿದ್ದ. ಪಟ್ಟಿಯಲ್ಲಿ ಅವನ ಹೆಸರಿಲ್ಲದ್ದರಿಂದ ಅವನ 2,700 ರೂಪಾಯಿ ಲೆಕ್ಕದವರ ಹತ್ತಿರವೇ ಉಳಿದಿತ್ತು. ಕಾಕಾ ಅವನ ಫೋನ್ ನಂಬರನ್ನು ಒಂದು ಪ್ಯಾಕೆಟ್ ಕಾಗದದ ಹಿಂದೆ ಬರೆದು ಕೊಟ್ಟರು. "ನಾನು ಹೇಳಿದರೆ ಸಮಾಧಾನಕ್ಕೆ ಹೇಳಿದ್ದು ಅಂದುಕೊಳ್ಳುತ್ತಾನೆ. ಮಷೀನು ಮಾಡಿದವರು ನೀವು, ನೀವೇ ಹೇಳಿ."

ರೈಲಿನಲ್ಲಿ ಫೋನ್ ಮಾಡಿದೆ. ನನ್ನ ಗುಜರಾತಿ ಅಷ್ಟಕ್ಕಷ್ಟೆ, ಭರೂಚ್ ದಾಟುವಾಗ ಸೇತುವೆಯ ಸದ್ದು ಬೇರೆ. ಎರಡು ಸಲ ಹೇಳಬೇಕಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನೇ ಇನ್ನೊಮ್ಮೆ ಹೇಳುತ್ತೀರಾ, ಅಪ್ಪನಿಗೆ ಕೊಡುತ್ತೇನೆ ಎಂದ.